ಆವೃತ್ತಿ ಪೇರೆಂಟಿಗೆ, ಸ್ಕೋಪ್ ಮಾಡ್ಯೂಲಿಗೆ

ಮೇವನ್ ಬಳಸುವ ಜಾವಾ ಪ್ರಾಜೆಕ್ಟಿನಲ್ಲಿ ಪ್ರತಿ ಡಿಪೆಂಡೆನ್ಸಿಗೂ ಒಂದು ಸ್ಕೋಪ್ ಇರುತ್ತದೆ. ಆ ಡಿಪೆಂಡೆನ್ಸಿಯ ಜಾರ್ ಕಡತ ಕೋಡ್ ಕಂಪೈಲ್ ಮಾಡುವಾಗ ಬೇಕೋ, ಓಡಿಸುವಾಗ ಬೇಕೋ, ಟೆಸ್ಟಿಗಷ್ಟೇ ಸಾಕೋ ಎಂಬುದನ್ನು ಸ್ಕೋಪ್ ಹೇಳುತ್ತದೆ. ಏನೂ ಬರೆಯದಿದ್ದರೆ ‘ಕಂಪೈಲ್’ ಎಂದೇ ಲೆಕ್ಕ.

ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯಬೇಕು ಎಂದುಕೊಳ್ಳೋಣ. ದರ, ರಿಯಾಯಿತಿ, ತೆರಿಗೆಗೆ ‘ಕೋರ್’, ದಾಸ್ತಾನಿನ ಡೇಟಾಬೇಸಿಗೆ ‘ಸ್ಟಾಕ್’, ಗಲ್ಲಾದ ಪರದೆಗೆ ‘ವೆಬ್’ ಎಂದು ಮೂರು ಮಾಡ್ಯೂಲ್‌ಗಳು. ಮೇಲೊಂದು ಪೇರೆಂಟ್ ಪಾಮ್, ಅಂದರೆ ಮೂರಕ್ಕೂ ಸಾಮಾನ್ಯವಾದ ಮೇವನ್ ಸಂರಚನಾ ಕಡತ. ಸರ್ವ್‌ಲೆಟ್ ಎಪಿಐ ಟಾಮ್‌ಕ್ಯಾಟಿನಲ್ಲೇ ಇರುವುದರಿಂದ ಅದಕ್ಕೆ ‘ಪ್ರೊವೈಡೆಡ್’, ಜೆಡಿಬಿಸಿ ಡ್ರೈವರಿಗೆ ‘ರನ್‌ಟೈಮ್’, ಜೆಯೂನಿಟ್‌ಗೆ ‘ಟೆಸ್ಟ್’. ವೆಬ್ ಮಾಡ್ಯೂಲ್ ಸ್ಟಾಕನ್ನು ಸೇರಿಸಿಕೊಂಡಾಗ ಡ್ರೈವರ್ ರನ್‌ಟೈಮ್ ಆಗಿ ಜೊತೆಗೇ ಬರುತ್ತದೆ. ಸ್ಟಾಕಿನ ಜೆಯೂನಿಟ್ ಬರುವುದಿಲ್ಲ.

ಪೇರೆಂಟ್ ಪಾಮ್‌ನಲ್ಲಿ ಜಾರ್ ನಮೂದಿಸಲು ಎರಡು ಜಾಗಗಳಿವೆ. ‘ಡಿಪೆಂಡೆನ್ಸೀಸ್’ ಅಡಿಯಲ್ಲಿ ಬರೆದದ್ದು ಬೇಕಿರಲಿ ಬೇಡದಿರಲಿ ಎಲ್ಲ ಮಾಡ್ಯೂಲ್‌ಗಳಿಗೂ ಇಳಿಯುತ್ತದೆ. ಮಾಡ್ಯೂಲ್ ಅದನ್ನು ಮತ್ತೆ ಬರೆದು ಸ್ಕೋಪ್ ಬದಲಿಸಬಹುದು, ತೆಗೆದುಹಾಕಲು ದಾರಿಯಿಲ್ಲ. ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ಅಡಿಯಲ್ಲಿ ಬರೆದದ್ದು ತಾನಾಗಿ ಯಾರಿಗೂ ಸೇರುವುದಿಲ್ಲ. ಮಾಡ್ಯೂಲ್ ಜಾರಿನ ಹೆಸರು ಹೇಳಿದಾಗ ಆವೃತ್ತಿ ಅಲ್ಲಿಂದ ಬರುತ್ತದೆ; ಸ್ಕೋಪ್ ಬರೆದಿದ್ದರೆ ಅದೂ ಬರುತ್ತದೆ.

ತೊಡಕು ಶುರುವಾಗುವುದು ಈ ಸ್ಕೋಪಿನಿಂದ. ಕಾಮನ್ಸ್ ಐಒ ಎಂಬ ಜಾರ್ ಟೆಸ್ಟ್‌ಗಳಿಗಷ್ಟೇ ಬೇಕೆಂದು ಪೇರೆಂಟಿನ ಮ್ಯಾನೇಜ್‌ಮೆಂಟಿನಲ್ಲಿ ‘ಟೆಸ್ಟ್’ ಎಂದು ಬರೆದಿಟ್ಟಿರುತ್ತಾರೆ. ಮುಂದೆ ದಿನದ ಮಾರಾಟವನ್ನು ಎಕ್ಸೆಲ್‌ನಲ್ಲಿ ಕೊಡಲು ವೆಬ್ ಮಾಡ್ಯೂಲಿಗೆ ಅಪಾಚೆ ಪಿಒಐ ಸೇರುತ್ತದೆ. ಪಿಒಐಗೆ ಕಾಮನ್ಸ್ ಐಒ ಬೇಕು. ಮ್ಯಾನೇಜ್‌ಮೆಂಟಿನ ಮಾತು ಹೀಗೆ ಹಿಂಬಾಗಿಲಿನಿಂದ ಬರುವ ಜಾರ್‌ಗಳಿಗೂ ಅನ್ವಯಿಸುವುದರಿಂದ ಕಾಮನ್ಸ್ ಐಒದ ಸ್ಕೋಪ್ ‘ಟೆಸ್ಟ್’ ಆಗಿಬಿಡುತ್ತದೆ. ಕೋಡ್ ಕಂಪೈಲ್ ಆಗುತ್ತದೆ, ಟೆಸ್ಟ್‌ಗಳು ಪಾಸಾಗುತ್ತವೆ; ಆದರೆ ಟಾಮ್‌ಕ್ಯಾಟಿಗೆ ಕೊಡುವ ವಾರ್ ಫೈಲಿನಲ್ಲಿ ಆ ಜಾರ್ ಇರುವುದಿಲ್ಲ. ವರದಿ ಕೇಳಿದಾಗ ‘ನೋ ಕ್ಲಾಸ್ ಡೆಫ್ ಫೌಂಡ್’ ಎಂಬ ದೋಷ ಎದುರಾಗುತ್ತದೆ.

ಈ ದೋಷದ ಮೂಲ ಹುಡುಕಲು ‘ಡಿಪೆಂಡೆನ್ಸಿ ಟ್ರೀ’ ಆಜ್ಞೆ ಬೇಕು. ಪೇರೆಂಟಿನಿಂದ ಬಂದದ್ದೆಲ್ಲ ಬೆರೆತ ಪಾಮ್ ನೋಡಲು ‘ಎಫೆಕ್ಟಿವ್ ಪಾಮ್’. ತಕ್ಷಣದ ಪರಿಹಾರವಾಗಿ ವೆಬ್ ಮಾಡ್ಯೂಲಿನಲ್ಲಿ ಆ ಜಾರಿಗೆ ‘ರನ್‌ಟೈಮ್’ ಎಂದು ಬರೆದರಾಯಿತು. ಶಾಶ್ವತ ಪರಿಹಾರವೆಂದರೆ ಮ್ಯಾನೇಜ್‌ಮೆಂಟಿನಲ್ಲಿ ಆವೃತ್ತಿಯನ್ನಷ್ಟೇ ಇಟ್ಟು, ಸ್ಕೋಪನ್ನು ಬಳಸುವ ಮಾಡ್ಯೂಲಿಗೇ ಬಿಡುವುದು. ಆವೃತ್ತಿ ಇಡೀ ಪ್ರಾಜೆಕ್ಟಿಗೆ ಒಂದೇ ಇರಬೇಕು. ಬಳಕೆ ಮಾಡ್ಯೂಲಿನಿಂದ ಮಾಡ್ಯೂಲಿಗೆ ಬೇರೆ.

ಜೆಯೂನಿಟ್‌ಗೂ ಇದೇ ನಿಯಮ ಸಲ್ಲುತ್ತದೆ. ಟೆಸ್ಟ್‌ಗಳಿಗೆ ನೆರವಾಗುವ ಕೋಡನ್ನೇ ಪ್ರತ್ಯೇಕ ಮಾಡ್ಯೂಲ್ ಮಾಡಿದರೆ ಅಲ್ಲಿ ಜೆಯೂನಿಟ್ ‘ಕಂಪೈಲ್’ ಸ್ಕೋಪಿನಲ್ಲೇ ಬೇಕಾಗುತ್ತದೆ. ಜೆಯೂನಿಟ್ ತಂಡ ಕೊಡುವ, ಮ್ಯಾನೇಜ್‌ಮೆಂಟಿಗೆ ಆಮದು ಮಾಡಿಕೊಳ್ಳುವ ಬಾಮ್ ಕಡತದಲ್ಲಿಯೂ ಇರುವುದು ಆವೃತ್ತಿಗಳು ಮಾತ್ರ.