ಧರ್ಮತತ್ತ್ವಗಳ ವಿಕಾಸ: ನ್ಯೂಮನ್ನರ ಸಮರ್ಥನೆಯ ವಿಮರ್ಶೆ

ರೋಮನ್ ಕ್ಯಾಥೊಲಿಕ್ ಮತದ ವಿರುದ್ಧ ಎತ್ತಲಾಗುವ ಆಕ್ಷೇಪಗಳಲ್ಲಿ ಇತಿಹಾಸದ ವಿದ್ಯಾರ್ಥಿಗೆ ನೇರವಾಗಿ ಸಂಬಂಧಿಸಿದುದು ಒಂದುಂಟು. ಪೋಪರ ಪರಮಾಧಿಕಾರ, ಮಾತೆ ಮರಿಯಳಿಗೆ ಸಲ್ಲುವ ವಿಶೇಷ ಗೌರವ, ಮರಣಾನಂತರ ಆತ್ಮಗಳ ಶುದ್ಧೀಕರಣ ಮೊದಲಾದ ನಂಬಿಕೆಗಳು ಆದಿಕಾಲದ ಕ್ರೈಸ್ತರಲ್ಲಿ ಇಂದಿನ ರೂಪದಲ್ಲಿ ಕಾಣಬರುವುದಿಲ್ಲ. ಆದುದರಿಂದ ಅವು ಅನಂತರದ ಸೇರ್ಪಡೆಗಳು ಎಂಬುದೇ ಆ ಆಕ್ಷೇಪ. ಕ್ರೈಸ್ತ ಧರ್ಮತತ್ತ್ವಗಳ ವಿಕಾಸವನ್ನು ಕುರಿತು ಜಾನ್ ಹೆನ್ರಿ ನ್ಯೂಮನ್ನರು 1845ರಲ್ಲಿ ಪ್ರಕಟಿಸಿದ ಪ್ರಬಂಧವು ಇದಕ್ಕೆ ಕೊಟ್ಟ ಉತ್ತರವನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಹಿಂದಿನ ಸಮರ್ಥಕರ ಉತ್ತರವೇ ಬೇರೆಯಾಗಿತ್ತು. ಫ್ರಾನ್ಸಿನ ಬಿಷಪ್ ಬಾಸ್ಯುಯೆಯವರು 1688ರಲ್ಲಿ ಪ್ರಾಟೆಸ್ಟೆಂಟ್ ಸಭೆಗಳ ಮತವ್ಯತ್ಯಾಸಗಳ ಇತಿಹಾಸವನ್ನು ಬರೆದು, ಬದಲಾವಣೆಯೇ ಅಸತ್ಯದ ಗುರುತೆಂದು ವಾದಿಸಿದ್ದರು. ನ್ಯೂಮನ್ನರು ಆ ಕೋಟೆಯನ್ನು ತಾವಾಗಿಯೇ ಬಿಟ್ಟುಕೊಟ್ಟರು. ಬದಲಾವಣೆ ಆಗಿದೆ, ಆದರೆ ಸಸಿ ಮರವಾಗುವುದೂ ಹಣ್ಣು ಕೊಳೆಯುವುದೂ ಒಂದೇ ಬಗೆಯ ಬದಲಾವಣೆಯಲ್ಲ—ಅವರ ನಿಲುವನ್ನು ಹೀಗೆ ಸಂಗ್ರಹಿಸಬಹುದು.

ಆಂಗ್ಲಿಕನ್ ಪಂಡಿತರು ಪ್ರಾಚೀನ ಕಾಲದ ಸರ್ವಸಮ್ಮತಿಯನ್ನು ರೋಮಿನ ವಿರುದ್ಧ ಒರೆಗಲ್ಲಾಗಿ ಬಳಸುತ್ತಿದ್ದರು. ಅದನ್ನು ಬಿಗಿಯಾಗಿ ಅನ್ವಯಿಸಿದರೆ ಅವರೇ ಒಪ್ಪುವ ತ್ರಿಯೇಕತ್ವದ ತತ್ತ್ವವೂ ನಿಲ್ಲದೆಂದು ನ್ಯೂಮನ್ನರು ತೋರಿಸಿದರು. 325ರ ನೈಸೀಯ ಮಹಾಸಭೆಗೆ ಮುಂಚಿನ ಲೇಖಕರ ಮಾತು ಈ ವಿಷಯದಲ್ಲಿ ಏಕರೂಪವಾಗಿಲ್ಲ. ತಂದೆ ಮತ್ತು ಮಗನ ಏಕಸತ್ತ್ವವನ್ನು ಹೇಳಲು ಆ ಸಭೆಯು ಬಳಸಿದ ಪದವು ಬೈಬಲಿನಲ್ಲಿ ಇಲ್ಲ. ನೈಸೀಯದಲ್ಲಿ ವಿಕಾಸವನ್ನು ಒಪ್ಪಿ, ರೋಮಿನಲ್ಲಿ ಮಾತ್ರ ಅದನ್ನು ವಿಕೃತಿಯೆನ್ನುವುದು ನ್ಯಾಯವೆ? ಈ ಪ್ರಶ್ನೆಗೆ ಸಮಾಧಾನ ಹೇಳುವುದು ಸುಲಭವಲ್ಲ. ಆದರೆ ನೈಸೀಯವನ್ನೇ ಒಪ್ಪದವರನ್ನು ಈ ವಾದವು ಮುಟ್ಟುವುದಿಲ್ಲವೆಂಬುದೂ ಗಮನಾರ್ಹ.

ವಿಕಾಸವನ್ನು ವಿಕೃತಿಯಿಂದ ಬೇರ್ಪಡಿಸಲು ಅವರು ಏಳು ಲಕ್ಷಣಗಳನ್ನು ಹೇಳುತ್ತಾರೆ: ಮೂಲಸ್ವರೂಪದ ಉಳಿವು, ತತ್ತ್ವಗಳ ಸಾತತ್ಯ, ಅನ್ಯವಾದುದನ್ನು ಅರಗಿಸಿಕೊಳ್ಳುವ ಶಕ್ತಿ, ತರ್ಕಬದ್ಧ ಅನುಕ್ರಮ, ಮುಂದಿನದರ ಪೂರ್ವಸೂಚನೆ, ಹಿಂದಿನದರ ಸಂರಕ್ಷಣೆ, ನಿರಂತರ ಚೈತನ್ಯ. 1847ರಲ್ಲಿ ಜೆ. ಬಿ. ಮೋಜ್ಲಿಯವರು ಇದರ ದುರ್ಬಲ ಸ್ಥಾನವನ್ನು ಗುರುತಿಸಿದರು. ವಿಕೃತಿಯು ನಾಶದಿಂದ ಮಾತ್ರವಲ್ಲ, ಅತಿರೇಕದಿಂದಲೂ ಉಂಟಾಗಬಹುದು; ಮಿತಿಮೀರಿದ ಭಕ್ತಿಯಲ್ಲಿಯೂ ತರ್ಕವಿರಬಹುದು, ಚೈತನ್ಯವಿರಬಹುದು. ನ್ಯೂಮನ್ನರು ಮೊದಲು ‘ಪರೀಕ್ಷೆ’ಗಳೆಂದು ಕರೆದಿದ್ದವನ್ನು 1878ರ ಪರಿಷ್ಕೃತ ಆವೃತ್ತಿಯಲ್ಲಿ ‘ಲಕ್ಷಣ’ಗಳೆಂದು ಕರೆದರು. ಈ ಪದಭೇದವು ನಮಗೆ ಅರ್ಥಪೂರ್ಣವಾಗಿ ತೋರುತ್ತದೆ. ಪರೀಕ್ಷೆಯು ನಿರ್ಣಯಿಸುತ್ತದೆ, ಲಕ್ಷಣವು ಸೂಚಿಸುತ್ತದೆ, ಅಷ್ಟೆ.

ಹಾಗಾದರೆ ನಿರ್ಣಯಿಸುವವರು ಯಾರು? ದೈವದತ್ತ ಸತ್ಯವು ಕಾಲಾಂತರದಲ್ಲಿ ಬೆಳೆಯತಕ್ಕದ್ದಾದರೆ ಆ ಬೆಳವಣಿಗೆಯನ್ನು ಕಾಯುವ ಪ್ರಮಾದರಹಿತ ಅಧಿಕಾರವೊಂದು ಇರುವುದು ಸಂಭವನೀಯವೆಂದು ಅವರು ಹೇಳುತ್ತಾರೆ. ಆದರೆ ಆ ಅಧಿಕಾರವೇ ವಿವಾದಾಸ್ಪದವಾದ ತತ್ತ್ವಗಳಲ್ಲೊಂದು. ಸಂಭವನೀಯತೆಯು ಪ್ರಮಾಣವಲ್ಲ; ಇಲ್ಲಿಂದ ಮುಂದಿನ ಹೆಜ್ಜೆ ಶ್ರದ್ಧೆಯದು, ಇತಿಹಾಸದ್ದಲ್ಲ.

ಈ ಮಿತಿಯಿಂದ ಪ್ರಬಂಧದ ಬೆಲೆ ಕುಂದುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ದೈವಪ್ರಕಟನೆಯನ್ನು ಕುರಿತು ಹೊರಡಿಸಿದ ಶಾಸನದಲ್ಲಿ ಪರಂಪರೆಯ ಅರಿವು ಬೆಳೆಯುತ್ತದೆಂಬುದನ್ನು ಅಂಗೀಕರಿಸಿತು. 2019ರಲ್ಲಿ ನ್ಯೂಮನ್ನರನ್ನು ಸಂತರೆಂದು ಘೋಷಿಸಲಾಯಿತು. ಪ್ರಾಚೀನರ ಮೌನವೊಂದರಿಂದಲೇ ನಂಬಿಕೆಯು ಸುಳ್ಳಾಗುವುದಿಲ್ಲವೆಂದು ಆಕ್ಷೇಪಕರಿಗೂ, ಇತಿಹಾಸವನ್ನು ಅಲ್ಲಗಳೆದು ಮತವನ್ನು ಕಾಪಾಡಲಾಗದೆಂದು ಸಮರ್ಥಕರಿಗೂ ಅವರು ಏಕಕಾಲದಲ್ಲಿ ತಿಳಿಸಿಕೊಟ್ಟರು. ಮತಗಳ ಚರಿತ್ರೆಯನ್ನು ಬೋಧಿಸುವ ನಮಗೆ ಈ ಎರಡು ಮಾತುಗಳೂ ಸಮಾನವಾಗಿ ಅವಶ್ಯಕ.