ಮಸುಕು ಚಿತ್ರದ ಮರ್ಯಾದೆ

ಹಳೆಯ ಮದುವೆ ಕ್ಯಾಸೆಟ್ಟುಗಳು ನಮ್ಮ ಮನೆಗಳಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಮಲಗಿರುತ್ತವೆ. ನೋಡಲು ಯಂತ್ರವಿಲ್ಲ, ಎಸೆಯಲು ಮನಸ್ಸಿಲ್ಲ. 1994ರ ನನ್ನ ಮದುವೆಯ ಕ್ಯಾಸೆಟ್ಟೂ ಹಾಗೆಯೇ ಇತ್ತು. 2019ರಲ್ಲಿ ಇಪ್ಪತ್ತೈದು ವರ್ಷ ತುಂಬಿದಾಗ ಮಗ ಅದನ್ನು ಹೊರತೆಗೆದು, ಹಳೆಯ ದೃಶ್ಯಗಳಿಗೆ ಹೊಸ ಸಮಾರಂಭದ ಹೈ ಡೆಫಿನಿಷನ್ ದೃಶ್ಯಗಳನ್ನು ಸೇರಿಸಿ ಒಂದು ಚಿತ್ರ ಮಾಡಿಸಿದ.

ನೆಂಟರೆಲ್ಲ ಟಿ.ವಿ. ಮುಂದೆ ಕುಳಿತೆವು. ಆರತಿ ತಟ್ಟೆ ಹಿಡಿದು ಅಮ್ಮ ಬಂದಳು. ನನಗೆ ಗುರುತೇ ಸಿಗಲಿಲ್ಲ. ಕಡ್ಡಿಯ ಹಾಗಿದ್ದವಳು ದುಂಡಗಾಗಿದ್ದಳು. ಆರತಿ ತಟ್ಟೆ ಮೊಟ್ಟೆಯಾಕಾರವಾಗಿತ್ತು. "ಅಕ್ಕ ಯಾವತ್ತು ಇಷ್ಟು ದಪ್ಪ ಇದ್ದಳೇ?" ಎಂದು ಚಿಕ್ಕಮ್ಮ ಕೇಳಿಯೇಬಿಟ್ಟರು. ಅಮ್ಮ ತೀರಿಕೊಂಡು ಆಗ ಹನ್ನೊಂದು ವರ್ಷ. ಅವಳು ಓಡಾಡುವ ಚಿತ್ರ ನಮ್ಮಲ್ಲಿರುವುದು ಅದೊಂದೇ.

ಕಾರಣ ಸರಳ. ಹಳೆಯ ವಿಡಿಯೋ ಚೌಕಟ್ಟು 4 ಪಾಲು ಅಗಲ, 3 ಪಾಲು ಎತ್ತರ. ಈಗಿನದು 16ಕ್ಕೆ 9. ಪಕ್ಕದಲ್ಲಿ ಜಾಗ ಖಾಲಿ ಉಳಿಯಬಾರದೆಂದು ಎಡಿಟಿಂಗ್ ಮಾಡಿದವರು ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದರು. ಹಾಗೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ಅಗಲವಾಗುತ್ತಾರೆ. ಎಳೆಯದೆ ಹಿಗ್ಗಿಸಿದರೆ ಎತ್ತರದಲ್ಲಿ ಕಾಲುಭಾಗ ಕತ್ತರಿಸಿಹೋಗುತ್ತದೆ: ಮುಖ ಉಳಿದರೆ ಕೈಯಲ್ಲಿನ ತಟ್ಟೆ ಇಲ್ಲ. ಚುಕ್ಕಿಗಳ ಲೆಕ್ಕ ಇನ್ನೊಂದು. ನಮ್ಮಲ್ಲಿ ಬಳಕೆಯಲ್ಲಿದ್ದ ಸ್ಟ್ಯಾಂಡರ್ಡ್ ಡೆಫಿನಿಷನ್ ಡಿಜಿಟಲ್ ಚೌಕಟ್ಟಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಪೂರ್ಣ ಹೈ ಡೆಫಿನಿಷನ್‌ನಲ್ಲಿ 1920 ಮತ್ತು 1080. ಒಟ್ಟಿನಲ್ಲಿ ಐದು ಪಟ್ಟು. ಹಿಗ್ಗಿಸುವುದೆಂದರೆ ಒಬ್ಬರಿಗಾಗುವ ಸಾರಿಗೆ ನೀರು ಬೆರೆಸಿ ಐವರಿಗೆ ಬಡಿಸಿದಂತೆ. ಸಾಲದ್ದಕ್ಕೆ, ಹಳೆಯ ವಿಡಿಯೋ ಪ್ರತಿ ಚಿತ್ರವನ್ನೂ ಗೆರೆ ಬಿಟ್ಟು ಗೆರೆ, ಎರಡು ಕಂತಿನಲ್ಲಿ ಬರೆಯುತ್ತಿತ್ತು. ಅದನ್ನು ಸರಿಪಡಿಸದೆ ಹೊಸದರೊಡನೆ ಹೊಂದಿಸಿದರೆ ಆರತಿ ಎತ್ತುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಮೂಡುತ್ತವೆ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ನನ್ನ ತಕರಾರಿರುವುದು ಹಳೆಯದು ಹಳೆಯದಾಗಿ ಕಾಣಬಾರದೆಂಬ ಹಟದ ಮೇಲೆ.

ಆ ಹಟವಿಲ್ಲದ ಒಂದು ಚಿತ್ರ ನೋಡಿದ್ದೇನೆ: ಆಸಿಫ್ ಕಪಾಡಿಯಾ 2015ರಲ್ಲಿ ಮಾಡಿದ 'ಏಮಿ'. 2011ರಲ್ಲಿ, 27ರ ವಯಸ್ಸಿನಲ್ಲೇ ತೀರಿಕೊಂಡ ಇಂಗ್ಲೆಂಡಿನ ಗಾಯಕಿ ಏಮಿ ವೈನ್‌ಹೌಸ್ ಕುರಿತ ಸಾಕ್ಷ್ಯಚಿತ್ರ, ಆಸ್ಕರ್ ಪಡೆದದ್ದು. ಅದು ಶುರುವಾಗುವುದು 1998ರ ಒಂದು ಮನೆವಿಡಿಯೋದಿಂದ. ಗೆಳತಿಯ ಹುಟ್ಟುಹಬ್ಬ, ಹದಿನಾಲ್ಕರ ಹುಡುಗಿ ತುಂಟಾಟದ ನಡುವೆ ಹಾಡುತ್ತಾಳೆ. ಚಿತ್ರ ಅಲುಗಾಡುತ್ತದೆ, ಬಣ್ಣ ಕದಡಿದೆ. ಆದರೂ ನಾವು ಆ ಕೋಣೆಯಲ್ಲೇ ಇದ್ದೇವೆ ಅನ್ನಿಸುತ್ತದೆ, ಏಕೆಂದರೆ ಕ್ಯಾಮೆರಾ ಹಿಡಿದವರು ಅವಳನ್ನು ಬಲ್ಲವರು. ಮುಂದೆ ಖ್ಯಾತಿ ಬರುತ್ತದೆ, ಟಿ.ವಿ. ಕ್ಯಾಮೆರಾಗಳು ಬರುತ್ತವೆ, ಬೀದಿಯಲ್ಲಿ ಛಾಯಾಗ್ರಾಹಕರ ಫ್ಲಾಷುಗಳು ಮುತ್ತುತ್ತವೆ. ಬೆಳಕು ಹೆಚ್ಚಿದಷ್ಟೂ ಹುಡುಗಿ ನಮ್ಮಿಂದ ದೂರವಾಗುತ್ತಾಳೆ.

ಕಪಾಡಿಯಾ ಇನ್ನೊಂದು ಜಾಣತನ ಮಾಡಿದ್ದಾರೆ. ಗೆಳತಿಯರು, ಬಂಧುಗಳು ಮಾತಾಡುವಾಗ ದನಿ ಮಾತ್ರ ಕೇಳಿಸುತ್ತದೆ; ಮಸುಕು ಹುಡುಗಿಯ ಪಕ್ಕದಲ್ಲಿ ಇಂದಿನ ನಿಚ್ಚಳ ಮುಖವೊಂದು ಬಂದು ಕೂರುವುದಿಲ್ಲ. ಹೋಲಿಕೆ ಇಲ್ಲವಾದ್ದರಿಂದ ಸ್ವಲ್ಪ ಹೊತ್ತಿಗೆ ನಮಗೆ ಮಸುಕು ಮರೆತೇಹೋಗುತ್ತದೆ. ನನಗೊಂದು ಆಕ್ಷೇಪವೂ ಇದೆ. ಅವಳನ್ನು ಬೆನ್ನಟ್ಟಿದವರನ್ನು ದೂರುವ ಚಿತ್ರ, ಅವರೇ ತೆಗೆದ ದೃಶ್ಯಗಳನ್ನು ನಮಗೆ ಮತ್ತೆ ಮತ್ತೆ ತೋರಿಸುತ್ತದೆ. ಕುಸಿಯುತ್ತಿರುವ ಹೆಣ್ಣನ್ನು ಅಷ್ಟು ಹೊತ್ತು ನೋಡುವುದು ಬೇಕಿತ್ತೇ? ಆದರೆ ಎಲ್ಲಿಯೂ ಅದು ಹಳೆಯ ವಿಡಿಯೋ ಬಗ್ಗೆ ನಾಚಿಕೊಳ್ಳುವುದಿಲ್ಲ.

ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ತಾನೇ ಕೂತು ನಮ್ಮ ಚಿತ್ರವನ್ನು ಮತ್ತೆ ಜೋಡಿಸಿದ. ಹಳೆಯ ದೃಶ್ಯ ಬಂದಾಗ ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟ. ಒಂದು ಹಳೆಯ, ಒಂದು ಹೊಸ ಎಂದು ಬೆರೆಸದೆ, ಮದುವೆಯನ್ನು ಒಂದೇ ಸಮನೆ ಹರಿಯಬಿಟ್ಟ.

ಚಿಕ್ಕಮ್ಮನನ್ನು ಮತ್ತೆ ಕರೆದು ತೋರಿಸಿದೆವು. ಅಮ್ಮ ಬಂದಳು, ಸಣ್ಣಗೆ, ಮಸುಕಾಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ತಟ್ಟೆ ದುಂಡಗಿತ್ತು. ಚಿಕ್ಕಮ್ಮ ಏನೂ ಕೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನೊಂದು ಸಲ ಹಾಕೋ" ಎಂದರು.