ದಿಕ್ಕು ತಪ್ಪಿಸಿದ ಆಂಡಿಸ್

1972ರ ಅಕ್ಟೋಬರ್ 13ರಂದು ಆಂಡಿಸ್ ಪರ್ವತದಲ್ಲಿ ಬಿದ್ದ ಉರುಗ್ವೆ ವಿಮಾನದ ಕಥೆ ಅನೇಕರಿಗೆ ಗೊತ್ತು. 45 ಜನರಲ್ಲಿ 16 ಮಂದಿ ಮಾತ್ರ, 72 ದಿನ ಹಿಮದಲ್ಲಿ ಕಳೆದು, ಬದುಕಿ ಬಂದರು. ಸತ್ತವರ ಮಾಂಸ ತಿಂದು ಉಳಿದರೆಂಬುದೇ ಜನರ ನೆನಪಿನಲ್ಲಿದೆ. ಪಿಯರ್ಸ್ ಪಾಲ್ ರೀಡ್ 1974ರಲ್ಲಿ ಪ್ರಕಟಿಸಿದ ‘ಅಲೈವ್’ ಪುಸ್ತಕವನ್ನು ಹಲವರು ಕೈಗೆತ್ತಿಕೊಳ್ಳುವುದೂ ಈ ಕುತೂಹಲದಿಂದಲೇ. ನಮಗಾದರೋ ಅದು ಭೂಗೋಳದ ಪುಸ್ತಕವಾಗಿ ಕಂಡಿತು. ಮಕ್ಕಳ ಅಟ್ಲಾಸು ಮನೆಯಲ್ಲಿದ್ದರೆ ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಸುಮಾರು 7,000 ಕಿಲೋಮೀಟರ್ ಉದ್ದದ ಆಂಡಿಸನ್ನು ನಾವು ಒಂದು ಗೋಡೆಯೆಂದು ಭಾವಿಸುತ್ತೇವೆ. ಹತ್ತಿ ಇಳಿದರೆ ಆಚೆಯ ದೇಶ. ಆ ತರುಣರೂ ಹಾಗೆಯೇ ಎಣಿಸಿದರು. ಮೆಂಡೋಸಾದ ನೇರ ಪಶ್ಚಿಮಕ್ಕೆ 6,961 ಮೀಟರಿನ ಅಕೊಂಕಾಗ್ವಾದಂಥ ಶಿಖರಗಳಿದ್ದುದರಿಂದ ವಿಮಾನ ದಕ್ಷಿಣಕ್ಕೆ ಹೋಗಿ, ಪ್ಲಾಂಚೋನ್ ಕಣಿವೆದಾರಿಯಲ್ಲಿ ಬೆಟ್ಟ ದಾಟಿ, ಚಿಲಿಯ ಕುರಿಕೊ ಊರಿನ ಮೇಲೆ ಉತ್ತರಕ್ಕೆ ತಿರುಗಬೇಕಿತ್ತು. ಮೋಡದೊಳಗೆ ಲೆಕ್ಕ ತಪ್ಪಿ, ಬೆಟ್ಟಗಳ ನಡುವೆಯೇ ತಿರುಗಿತು. ಸಾಯುತ್ತಿದ್ದ ಸಹಚಾಲಕ ಕುರಿಕೊ ದಾಟಿದೆವೆಂದೇ ಹೇಳುತ್ತಿದ್ದ. ಎತ್ತರ ತೋರಿಸುವ ಮುಳ್ಳು 7,000 ಅಡಿಯಲ್ಲಿ ನಿಂತಿತ್ತು. ಅವರಿದ್ದದ್ದು 11,000 ಅಡಿಗೂ ಮೇಲೆ. ಎರಡೂ ಸುಳ್ಳು ಸಾಕ್ಷಿಗಳು ಒಂದನ್ನೊಂದು ಸಮರ್ಥಿಸಿದವು!

ರೀಡ್ ಇದನ್ನೆಲ್ಲ ಆವೇಶವಿಲ್ಲದೆ ಹೇಳುತ್ತಾರೆ. ಅದೇ ಪುಸ್ತಕದ ಬಲ. ಹೆಸರುಗಳ ನೂಕುನುಗ್ಗಲು ಮಾತ್ರ ಓದುಗನನ್ನು ದಣಿಸುತ್ತದೆ. ಬಯೋನಾ ಅವರ 2023ರ ಚಲನಚಿತ್ರ ‘ಸೊಸೈಟಿ ಆಫ್ ದಿ ಸ್ನೋ’ ಚಳಿಯನ್ನು ಮೈಗೆ ಮುಟ್ಟಿಸುತ್ತದೆ, ನಿಜ. ಆದರೆ ಆ ಬಿಳುಪಿನಲ್ಲಿ ಪೂರ್ವ ಯಾವುದು, ಪಶ್ಚಿಮ ಯಾವುದು ಎಂಬುದು ನಮ್ಮ ಕೈಗೆ ಸಿಗುವುದಿಲ್ಲ. ಕಥೆಯ ಸಂಕಟವೆಲ್ಲ ಇರುವುದು ಅಲ್ಲಿಯೇ ಅಲ್ಲವೆ?

ಪರಾಡೊ 2006ರಲ್ಲಿ ಬರೆದ ಆತ್ಮಕಥನದಲ್ಲಿ ಒಂದು ಸನ್ನಿವೇಶವಿದೆ. ಶಿಖರವೇರಿದ ಆತ, ಚಿಲಿಯ ಹಸಿರನ್ನು ಕಾಣುವೆನೆಂದಿದ್ದವನು, ಕಣ್ಣು ಹಾಯುವಷ್ಟೂ ಬೆಟ್ಟಗಳನ್ನೇ ಕಾಣುತ್ತಾನೆ. ಲಿಪ್‌ಸ್ಟಿಕ್‌ನಿಂದ ತಂದೆಯ ಹೆಸರು ಬರೆದು ಆ ಶಿಖರಕ್ಕಿಡುತ್ತಾನೆ. ಜೊತೆಗಾರ ಕನೆಸ್ಸಾ ಏರುವಾಗ ಪೂರ್ವದಲ್ಲಿ ರಸ್ತೆಯಂಥ ಗೆರೆಯೊಂದನ್ನು ಕಂಡಿದ್ದ, ಅತ್ತ ಹೋಗೋಣವೆಂದಿದ್ದ. ಪರಾಡೊ ಒಪ್ಪಲಿಲ್ಲ. ಪೂರ್ವಕ್ಕೆ ಇಳಿದಿದ್ದರೆ ಸುಮಾರು 20 ಕಿಲೋಮೀಟರಿನಲ್ಲಿ ಮುಚ್ಚಿದ ಹೋಟೆಲೊಂದು ಸಿಗುತ್ತಿತ್ತು.

ಪಶ್ಚಿಮಕ್ಕೇ ನಡೆದ ಇಬ್ಬರಿಗೆ ಡಿಸೆಂಬರ್ 20ರಂದು, ಹೊಳೆಯಾಚೆ, ಕುದುರೆಯೇರಿದ ದನಗಾಹಿ ಸೆರ್ಜಿಯೊ ಕತಲಾನ್ ಕಂಡರು. ಬಳಿಕ ಹೆಲಿಕಾಪ್ಟರಿನವರು ನಕ್ಷೆ ಹರಡಿ ಜಾಗ ಕೇಳಿದರು. ಪರಾಡೊ ಬೆರಳಿಟ್ಟಾಗ ಅವರು ನಂಬಲಿಲ್ಲ: ಅದು ಅರ್ಜೆಂಟೀನಾದ ನೆಲವಾಗಿತ್ತು.